ಮೀಸೆಯುಳ್ಳ ಹಕ್ಕಿ

ಸಂಜೆ ಅಂಗಳದ ಕೇಪಳದ ಗಿಡದೆದುರು ಹೆಬ್ಬೆರಳಿನಷ್ಟು ದೊಡ್ಡ ಜೀವವೊಂದು ಗಾಳಿಯಲ್ಲಿ ನಿಂತೇ ಮಕರಂದ ಹೀರುತ್ತಿತ್ತು. ರೆಕ್ಕೆ ಕಾಣದು, ಬರೀ ಗುಂಯ್ ಸದ್ದು. ಉದ್ದನೆಯ ಕೊಕ್ಕು, ಬೀಸಣಿಗೆಯಂತೆ ಬಿಚ್ಚಿದ ಬಾಲ. ಕಾಫಿ ಲೋಟ ಎಡಗೈಯಲ್ಲಿ, ಮೊಬೈಲ್ ಬಲಗೈಯಲ್ಲಿ ಹಿಡಿದು ಅದರ ಹಿಂದೆ ಓಡಿದೆ. ಕಾಫಿ ಪಂಚೆಯ ಪಾಲಾಯಿತು, ಚಿತ್ರ ಮಾತ್ರ ಸಿಕ್ಕಿತು. ‘ನಮ್ಮ ಮನೆಗೆ ಹಮ್ಮಿಂಗ್‌ಬರ್ಡ್ ಬಂದಿದೆ’ ಎಂದು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹನ್ನೊಂದು ಮಂದಿ ಕೈಮುಗಿದರು. (ಅಲ್ಲಿ ಮರಣವಾರ್ತೆಗೂ ನೀರುದೋಸೆಗೂ ಕೈಮುಗಿಯುವುದೇ ರೂಢಿ.)

ಫೋನ್ ಮಾಡಿದವರು ವಿಜ್ಞಾನ ಮೇಷ್ಟ್ರಾಗಿ ನಿವೃತ್ತರಾದ ಚಿಕ್ಕಪ್ಪ ಒಬ್ಬರೇ. “ಚಿತ್ರ ದೊಡ್ಡದು ಮಾಡಿ ನೋಡು. ತಲೆಯ ಮೇಲೆ ಎರಡು ಮೀಸೆ ಇವೆ. ಮೀಸೆಯಿರುವ ಹಕ್ಕಿಯನ್ನು ಎಲ್ಲಿಯಾದರೂ ಕಂಡಿದ್ದೀಯೇನೋ?”

ಅದು ಹಾಕ್ ಮಾತ್ ಎಂಬ ಪತಂಗವಂತೆ. ಮ್ಯಾಕ್ರೊಗ್ಲಾಸಮ್ ಕುಲದ್ದು, ಹಗಲಲ್ಲೇ ಹಾರಾಡುವಂಥದ್ದು. ಕೊಕ್ಕು ಎಂದುಕೊಂಡದ್ದು ಸೊಂಡಿಲು. ಹೀರಿ ಮುಗಿದ ಮೇಲೆ ಅದನ್ನು ಚಕ್ಕುಲಿಯಂತೆ ಸುತ್ತಿಟ್ಟುಕೊಳ್ಳುತ್ತದೆ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

“ನಮ್ಮಲ್ಲಿ ಹೂವಿಗೆ ಬರುವುದು ಸೂರಕ್ಕಿ. ಅದು ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಡ್ಡಿಯ ಮೇಲೆ ಕುಳಿತು ಕುಡಿಯುತ್ತದೆ. ಪತಂಗ ತನ್ನ ಪಾಡಿಗೆ ಕುಡಿದು ಹೋಗುತ್ತದೆ. ಸೂರಕ್ಕಿಯೋ, ಚಿಂವ್ ಚಿಂವ್ ಎಂದು ಊರಿಗೆಲ್ಲ ಸಾರಬೇಕು, ನಿನ್ನ ಹಾಗೆ.”

ಮರುದಿನ ಅವಮಾನ ಮರೆಯಲು ಹಿತ್ತಿಲು ಗುಡಿಸಲು ಹೊರಟೆ. ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ ಕಸದ ಗಂಟೊಂದು ಜೋತಾಡುತ್ತಿತ್ತು. ಜೇಡರ ಬಲೆ, ಒಣಗಿದ ಎಲೆಯ ಚೂರು, ತೊಗಟೆಯ ಪುಡಿ, ಕಂಬಳಿಹುಳದ ಹಿಕ್ಕೆ, ಒಟ್ಟಿನಲ್ಲಿ ನನ್ನ ಸೋಮಾರಿತನದ ಸಾಕ್ಷಿ. ಪೊರಕೆ ಎತ್ತಿದೆ. ಗಂಟಿನ ಪಕ್ಕದ ತೂತಿನಿಂದ ಬಾಗಿದ ಕೊಕ್ಕೊಂದು ಹೊರಬಂದಿತು. ತೂತಿನ ಮೇಲೆ ಮಳೆಗೆಂದು ಪುಟ್ಟ ಮಾಡು ಬೇರೆ! ಹತ್ತು ಸೆಂಟಿಮೀಟರ್ ಕೂಡ ಇಲ್ಲದ ಸೂರಕ್ಕಿ ನನ್ನನ್ನು ಕೆಕ್ಕರಿಸಿ ನೋಡಿತು.

ಹುಳುವನ್ನು ಹಕ್ಕಿಯೆಂದವನು ಹಕ್ಕಿಯ ಮನೆಯನ್ನು ಕಸವೆಂದಿದ್ದೆ.

“ಇದನ್ನು ಗುಂಪಿಗೆ ಹಾಕುವುದಿಲ್ಲವೇ?” ಎಂದಳು ಹೆಂಡತಿ. ಮರಿಗಳು ಹಾರಿಹೋಗುವವರೆಗೆ ಆ ತಂತಿಯನ್ನು ಮುಟ್ಟಬಾರದೆಂದು ಅವಳ ಅಪ್ಪಣೆ. ಒದ್ದೆ ಬಟ್ಟೆಯ ಬಕೆಟ್ ಹೊತ್ತು ದಿನವೂ ತಾರಸಿ ಹತ್ತುತ್ತಿದ್ದೇನೆ. ನಿನ್ನೆ ಕೇಪಳದ ಬಳಿ ಮತ್ತೆ ಗುಂಯ್ ಎಂದಿತು. ಬಕೆಟ್ ಕೆಳಗಿಟ್ಟು, ಮೊದಲು ಮೀಸೆ ಇದೆಯೇ ನೋಡಿಕೊಂಡು, ಮೆಟ್ಟಿಲು ಹತ್ತಿದೆ.