ಕೂಲರ್ ತೊಟ್ಟಿಯ ಮಲ್ಲಿಗೆ, ಕಾಕು ಅವರ ಕುರುಡಿಗೆ

ಹೋಳಿ ಆಗಿ ಐದನೇ ದಿನಕ್ಕೆ ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಈ ಸಲ ತೇರು ನೋಡಿ ಬರುವಾಗ ಬೆಂಡು ಬತ್ತಾಸಿನ ಜೊತೆ ಆರು ಪೆಟುನಿಯಾ ಸಸಿಗಳನ್ನೂ ತಂದೆ. "ಮಳೆಗಾಲದ ತನಕ ಹೂವೇ ಹೂವು ನೋಡ್ರಿ ಸಾಹೇಬ್ರ" ಅಂದಿದ್ದ ಮಾರುವವ. ಪೆಟುನಿಯಾ ಚಳಿಗಾಲದ ಗಿಡ, ನಮ್ಮ ಕಡೆ ಮಾರ್ಚ್ ಬಂತೆಂದರೆ ಅದು ಗಂಟುಮೂಟೆ ಕಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಇಲ್ಲದಿದ್ದರೆ ಮೂವತ್ತರ ಸಸಿಯನ್ನು ಯಾರು ಹತ್ತಕ್ಕೆ ಕೊಡುತ್ತಾರೆ? ಯುಗಾದಿಯ ಬೇವು ಕುಡಿಯುವ ಹೊತ್ತಿಗೆ ಆರೂ ಸಸಿಗಳು ಮುಟ್ಟಿದರೆ ಪುಡಿ.

ಹೋಗಲಿ, ನನ್ನ ನಿಜವಾದ ಆಸ್ತಿ ಬೇರೆ ಇತ್ತು. ಮಾಳಿಗೆ ಮೇಲೆ, ಪೇಂಟ್ ಬಕೆಟ್ಟಿನಲ್ಲಿ ಎರಡು ದಾಸವಾಳ. ಜೊತೆಗೆ ಒಂದು ದುಂಡುಮಲ್ಲಿಗೆ. ಅದು ಇರುವುದು ಸತ್ತುಹೋದ ನಮ್ಮ ಹಳೇ ಕೂಲರಿನ ತೊಟ್ಟಿಯಲ್ಲಿ. ಕುಂಡಕ್ಕೆ ಕೆಳಗೆ ತೂತು ಬೇಕು ಅಂತಾರಲ್ಲ, ಆ ಕೆಲಸವನ್ನು ತುಕ್ಕು ಮೊದಲೇ ಮಾಡಿಟ್ಟಿತ್ತು.

ಮಣ್ಣು ಜೇವರ್ಗಿ ಕಡೆಯ ಗೆಳೆಯನ ಹೊಲದ್ದು. ಎರಡು ಚೀಲ ಅಪ್ಪಟ ಎರೆ ಮಣ್ಣು, ಪುಕ್ಕಟೆ. ಇಷ್ಟೊಂದು ತೊಗರಿ ಬೆಳೆಯುವ ಮಣ್ಣಿಗೆ ಒಂದು ಮಲ್ಲಿಗೆ ಯಾವ ಲೆಕ್ಕ ಅಂದುಕೊಂಡೆ. ಮರಳು ಬೆರೆಸಲಿಲ್ಲ, ಸಗಣಿ ಗೊಬ್ಬರ ಬೆರೆಸಲಿಲ್ಲ. ಹಾಗೇ ತುಂಬಿದೆ.

ಎರೆ ಮಣ್ಣಿನ ಸ್ವಭಾವ ಹೊಲದಲ್ಲಿ ನೋಡಿದರೆ ಗೊತ್ತಾಗಲ್ಲ, ಬಕೆಟ್ಟಿನಲ್ಲಿ ನೋಡಬೇಕು. ನೀರು ಹಾಕಿದರೆ ಉಬ್ಬಿ ಕಾಲಿಗೆ ಕಣಕದ ಹಾಗೆ ಅಂಟುತ್ತದೆ. ಎರಡು ದಿನ ಬಿಟ್ಟರೆ ಕುಗ್ಗಿ ಕಲ್ಲಾಗುತ್ತದೆ. ಕುಗ್ಗುವಾಗ ನಡುವೆ ಬಿರುಕು ಬಿಡುವುದಲ್ಲದೆ ಬಕೆಟ್ಟಿನ ಗೋಡೆಯಿಂದಲೂ ಸರಿದು ನಿಲ್ಲುತ್ತದೆ, ಮುನಿಸಿಕೊಂಡ ನೆಂಟರ ಹಾಗೆ. ಸುತ್ತಲೂ ಒಂದು ಬೆರಳು ಹಿಡಿಯುವಷ್ಟು ಸಂದು. ನನಗೆ ಆ ಸಂದು ಕಂಡದ್ದು ನನ್ನ ಬೈಕಿನ ಕೀಲಿ ಅದರೊಳಗೆ ಬಿದ್ದಾಗ. ಆಫೀಸಿನ ಗಡಿಬಿಡಿ ಬೇರೆ. ಚಮಚದಿಂದ ಅಗೆದೆ, ಚಮಚ ಬಾಗಿತು. ಕೊನೆಗೆ ಹೆಂಡತಿ ಶ್ಯಾವಿಗೆ ಒಣಹಾಕುವ ಕೋಲಿನಿಂದ ಎತ್ತಿ ಕೊಟ್ಟಳು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ.

ಆ ಸಂದಿನಲ್ಲಿ ಕೀಲಿ ಮಾತ್ರ ಅಲ್ಲ, ನೀರೂ ಇಳಿಯುತ್ತಿತ್ತು. ಮೇಲೆ ಹಾಕಿದ ನೀರು ಬೇರಿನ ಹತ್ತಿರಕ್ಕೂ ಹೋಗದೆ ಪಕ್ಕದಿಂದ ಜಾರಿ ತೂತಿನಿಂದ ಹೊರಗೆ. ನಾನೋ, 'ಆಹಾ, ನೀರು ಎಷ್ಟು ಚೆನ್ನಾಗಿ ಇಳಿಯುತ್ತಿದೆ' ಅಂತ ಇನ್ನೊಂದು ಕೊಡ ಸುರಿಯುತ್ತಿದ್ದೆ. ನಮ್ಮ ಓಣಿಗೆ ನಳ ಬರುವುದು ನಾಲ್ಕು ದಿನಕ್ಕೊಮ್ಮೆ, ಇದೂ ನೆನಪಿರಲಿ.

ಮಾಳಿಗೆಯ ನೀರು ಹೋಗುವ ಪೈಪು ಇಳಿಯುವುದು ಕೆಳಗಿನ ಅಂಗಳಕ್ಕೆ. ಅಂಗಳದಲ್ಲಿ ಶಹಾಬಾದ್ ಫರಸಿ. ಫರಸಿಯ ಮೇಲೆ ಹೊರಸು, ಹೊರಸಿನ ಮೇಲೆ ಹಳೇ ಧೋತರ. ಅದರ ಮೇಲೆ ಮನೆ ಮಾಲೀಕರಾದ ಕಾಕು ಅವರ ಕುರುಡಿಗೆ, ಅಂದರೆ ಒಣಗಲು ಹಾಕಿದ ಗೋಧಿ ಹಾಲಿನ ಸಂಡಿಗೆ.

"ಏ ತಮ್ಮಾ! ಮ್ಯಾಲ ಏನ್ ಸುರದೀಯೋ? ಮೂರು ದಿನ ಗೋಧಿ ನೆನಸೀನಿ, ಹಾಲು ತೆಗದೀನಿ, ಒತ್ತೀನಿ. ಎಲ್ಲಾ ಕರ್ರಗ ಆದ್ವು ನೋಡು!"

ಬಗ್ಗಿ ನೋಡಿದೆ. ಬೆಳ್ಳಗಿನ ಕುರುಡಿಗೆಯ ಎರಡು ಸಾಲು ಬೂದು ಬಣ್ಣಕ್ಕೆ ತಿರುಗಿದ್ದವು. ಜೇವರ್ಗಿಯ ಮಣ್ಣು ಕೆಲಸಕ್ಕೆ ಬಾರದ್ದು ಅಂತ ಇನ್ನು ಯಾರೂ ಹೇಳುವಂತಿರಲಿಲ್ಲ.

ಕಾಕು ದೊಡ್ಡ ಮನಸ್ಸಿನವರು. ಬೈದು ಮುಗಿದ ಮೇಲೆ ಮೇಲೆ ಹತ್ತಿ ಬಂದು ಬಕೆಟ್ಟುಗಳನ್ನು ನೋಡಿದರು. "ಮರಳು ಹಾಕು, ಹೆಂಡಿ ಗೊಬ್ಬರ ಹಾಕು. ಮ್ಯಾಲ ತೊಗರಿ ಹೊಟ್ಟು ಮುಚ್ಚು, ಬಿಸಲಿಗೆ ಹಸಿ ಆರಂಗಿಲ್ಲ" ಅಂದರು. ತಾವೇ ಒಂದು ಚೀಲ ಹೊಟ್ಟು ಕಳಿಸಿದರು. ಮಾತು ನಿಜ. ಹೊರಗೆ 42 ಡಿಗ್ರಿ ಇದ್ದರೂ ಹೊಟ್ಟಿನ ಕೆಳಗೆ ಬೆರಳಿಟ್ಟರೆ ತಣ್ಣಗೆ, ಹಸಿ ಹಸಿ. ಎರಡು ದಿನ ನಾನು ಬಂದವರಿಗೆಲ್ಲ ಬೆರಳಿಟ್ಟು ನೋಡಿ ಅಂತ ಹೇಳಿದ್ದೇ ಹೇಳಿದ್ದು.

ಮೂರನೇ ದಿನ ಓಣಿಯ ಆಡು ಮೆಟ್ಟಿಲು ಹತ್ತಿ ಬಂತು. ತೊಗರಿ ಹೊಟ್ಟಿನ ವಾಸನೆ ಅದಕ್ಕೆ ಎಲ್ಲಿಂದ ಸಿಕ್ಕಿತೋ! ಹೊಟ್ಟು ತಿಂದಿತು. ಮೇಲೆ ಬಾಯಿ ರುಚಿಗೆ ಎರಡೂ ದಾಸವಾಳವನ್ನು ಚಟ್ನಿಪುಡಿಯ ಹಾಗೆ ನಂಜಿಕೊಂಡು ಹೋಯಿತು. ಉಳಿದದ್ದು ಎರಡು ಕಡ್ಡಿ ಮತ್ತು ಒಂದಿಷ್ಟು ಹಿಕ್ಕೆ. ಗೊಬ್ಬರವಾದರೂ ಆಯಿತು ಬಿಡಿ.

ಮಲ್ಲಿಗೆಯನ್ನು ಮಾತ್ರ ಆಡು ಮುಟ್ಟಲಿಲ್ಲ. ಕಾರಣ ಇಷ್ಟೇ, ಮುಟ್ಟಲು ಅದರಲ್ಲಿ ಏನೂ ಇರಲಿಲ್ಲ. ಹೋಳಿ ಮರುದಿನ ನಾನೇ ಅದನ್ನು ಬೋಳಿಸಿದ್ದೆ. ಮಲ್ಲಿಗೆ ಸವರಿದರೆ ಹೊಸ ಚಿಗುರು ಬಂದು ಅದರಲ್ಲೇ ಮೊಗ್ಗು ಬಿಡುತ್ತದೆ ಅಂತ ಯಾರೋ ಹೇಳಿದ್ದರು. ಚಳಿಗಾಲದಲ್ಲೇ ಸವರಬೇಕು ಅನ್ನುವ ಭಾಗ ನನ್ನ ಕಿವಿಗೆ ಬಿದ್ದಿರಲಿಲ್ಲ. ಆಗಲೇ ಕಾಳಿನಷ್ಟು ದಪ್ಪದ ಮೊಗ್ಗುಗಳಿದ್ದವು, ಅವನ್ನೂ ಸೇರಿಸಿ ಕತ್ತರಿಸಿದ್ದೆ. ಓಣಿಯ ಹೆಂಗಸರೆಲ್ಲ ಯುಗಾದಿಗೆ ಮಲ್ಲಿಗೆ ಮುಡಿದರೆ ನನ್ನ ಹೆಂಡತಿ ಬಜಾರಿನಿಂದ ಮೊಳ ಕೊಂಡು ತಂದಳು. ಮುಡಿಯುವಾಗ ನನ್ನ ಕಡೆ ನೋಡಿದಳು, ಅಷ್ಟೇ.

ಆದರೆ ಗಿಡ ಮಾತು ಉಳಿಸಿಕೊಂಡಿತು. ಏಪ್ರಿಲ್ ಕೊನೆಗೆ, ಮನುಷ್ಯರೆಲ್ಲ ಹಸಿ ಟವೆಲ್ ಹೊದ್ದು ಕೂತಿದ್ದಾಗ, ಅದು ಚಿಗುರಿ ಮೊಗ್ಗು ತಳೆಯಿತು. ದಿನಾ ಸಂಜೆ ಎಣಿಸುತ್ತಿದ್ದೆ. ಏಳು, ಹನ್ನೊಂದು, ಹತ್ತೊಂಬತ್ತು. ಒಂದು ರಾತ್ರಿ ನೋಡಿದರೆ ಹತ್ತೊಂಬತ್ತೂ ಬೆಳ್ಳಗೆ ಉಬ್ಬಿವೆ. ಮಲ್ಲಿಗೆ ಅರಳುವುದು ಸಂಜೆ ಮೇಲೆ. ಮರುದಿನ ಆಫೀಸಿನಿಂದ ಬೇಗ ಬಂದು ಕುರ್ಚಿ ಹಾಕಿಕೊಂಡು ಕೂರಬೇಕು, ಗಿಡದಲ್ಲೇ ಅರಳುವುದನ್ನು ನೋಡಬೇಕು ಅಂತ ನಿಶ್ಚಯಿಸಿದೆ.

ಬಂದೆ. ಕುರ್ಚಿ ಹಾಕಿದೆ. ಗಿಡದಲ್ಲಿ ಬರೀ ಎಲೆ. ಮೊದಲು ಆಡಿನ ಮೇಲೆ ಅನುಮಾನ ಬಂತು. ಆದರೆ ಆಡು ತೊಟ್ಟು ಮುರಿಯದ ಹಾಗೆ ಅಷ್ಟು ನಯವಾಗಿ ಬಿಡಿಸುತ್ತದೆಯೇ?

"ತಮ್ಮಾ, ಊಟಕ್ಕ ಕೆಳಗ ಬರ್ರಿ ಇಬ್ಬರೂ. ಸೀಕರಣಿ ಮಾಡೀನಿ" ಅಂತ ಕೆಳಗಿನಿಂದ ಕಾಕು ಕೂಗಿದರು.

ದೇವರ ಜಗಲಿಯ ಮೇಲೆ ಹತ್ತು ಮಲ್ಲಿಗೆ ಆಗಲೇ ಅರಳಿ ಘಮ್ಮೆನ್ನುತ್ತಿದ್ದವು. ಕಾಕು ಅವರ ತುರುಬಿನಲ್ಲಿ ಐದು. ನನ್ನ ಹೆಂಡತಿ ತಲೆ ತಿರುಗಿಸಿದಾಗ ಉಳಿದ ನಾಲ್ಕೂ ಸಿಕ್ಕವು. "ನಸಕಿನ್ಯಾಗ ಹರದೆ, ಬಿಸಲಾದ್ರ ಬಾಡ್ತಾವ" ಎನ್ನುತ್ತ ಕಾಕು ನನ್ನ ತಾಟಿಗೆ ಸೀಕರಣಿ ಬಡಿಸಿ, ಕರಿದ ಕುರುಡಿಗೆ ಇಟ್ಟರು. ಎಲ್ಲರ ತಾಟಿನಲ್ಲೂ ಹಾಲಿನಂಥ ಬಿಳಿ. ನನ್ನದು ಬೂದು.

"ಇವು ನಿನ್ನ ಪಾಲಿನವು. ಬ್ಯಾರೇನೇ ತೆಗದಿಟ್ಟಿದ್ದೆ" ಅಂದರು.

ಕಡಿದೆ. ಕರಂ ಕರಂ ಅಂದಿತು. ಅರ್ಧ ಗೋಧಿ, ಅರ್ಧ ಜೇವರ್ಗಿ.