ಹನ್ನೊಂದು ಗಂಟೆಯ ಕೆರೆ

ಕೆರೆ ಸಂರಕ್ಷಣೆಯ ಜಾಗೃತಿ ಕಾರ್ಯಕ್ರಮಗಳು ಬೆಳಿಗ್ಗೆ 11ಕ್ಕೇ ಶುರುವಾಗುವುದರ ಹಿಂದೆ ಆಳವಾದ ವಿಜ್ಞಾನವಿದೆ. ಸಂಘಟಕರಿಗೆ ಗೊತ್ತಿಲ್ಲದಿದ್ದರೂ ಇದೆ. ಹಸಿರುಗಟ್ಟಿದ ಕೆರೆಯ ಪಾಚಿ ರಾತ್ರಿಯಿಡೀ ಉಸಿರಾಡಿ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಖಾಲಿ ಮಾಡುತ್ತದೆ. ನಸುಕಿನ ಹೊತ್ತಿಗೆ ಅದು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೀನುಗಳು ಬಾಯಿ ಬಿಡುತ್ತ ಮೇಲೆ ಬರುತ್ತವೆ. ಹಲವು ಮತ್ತೆ ಕೆಳಗಿಳಿಯುವುದಿಲ್ಲ. ಬಿಸಿಲೇರಿದಂತೆ ಅದೇ ಪಾಚಿ ದ್ಯುತಿಸಂಶ್ಲೇಷಣೆಗೆ ತೊಡಗಿ ಆಮ್ಲಜನಕ ತುಂಬಿಕೊಡುತ್ತದೆ. 11ರ ನಂತರ ಆಮ್ಲಜನಕ ಅಳೆಯುವ ಮೀಟರ್ ಅದ್ದಿದರೆ 8 ಬರಬಹುದು, ಮಧ್ಯಾಹ್ನ 12 ಕೂಡ ಬರಬಹುದು. ಪಾಚಿ ಹೆಚ್ಚಿದಷ್ಟೂ ಹಗಲಿನ ಅಂಕ ಜಾಸ್ತಿ! ಅತಿಥಿಗಳು ಬರುವಷ್ಟರಲ್ಲಿ ಸತ್ತ ಮೀನುಗಳನ್ನು ಎತ್ತಿ ಹಾಕಿಯೂ ಆಗಿರುತ್ತದೆ.

ಕಾರ್ಯಕ್ರಮಕ್ಕೆ ಕರೆತಂದ ಶಾಲಾ ಮಕ್ಕಳ ಕೈಗೇ ಮೀಟರ್ ಕೊಟ್ಟು ಬೆಳಗಿನ ಜಾವ 5ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ ಅಳೆಸಿದರೆ ಎರಡು ಅಂಕಿಗಳ ನಡುವಿನ ಅಂತರವೇ ಪಾಠ ಹೇಳುತ್ತದೆ, ಭಾಷಣಕಾರರು ಬೇಕಾಗುವುದಿಲ್ಲ. ಆದರೆ 5 ಗಂಟೆಗೆ ಕತ್ತಲು. ಫೋಟೋದಲ್ಲಿ ಬ್ಯಾನರ್ ಬೀಳುವುದಿಲ್ಲ.

ಇನ್ನು ಪ್ರತಿಜ್ಞೆ. ಯಾವತ್ತೂ ಕೆರೆಗೆ ಏನನ್ನೂ ಸುರಿಯದ ಆರನೇ ತರಗತಿಯವರು ಕೈ ಮುಂದೆ ಚಾಚಿ ‘ಇನ್ನು ಮುಂದೆ ಕೆರೆಯನ್ನು ಮಲಿನಗೊಳಿಸುವುದಿಲ್ಲ’ ಎನ್ನುತ್ತಾರೆ. ಆಮೇಲೆ ಕೈಗವಸು ಹಂಚಿಕೆ, ದಡದ ಪ್ಲಾಸ್ಟಿಕ್ ಆಯುವುದು. ಪ್ಲಾಸ್ಟಿಕ್ ಆಯಲೇಬೇಕು, ತಕರಾರಿಲ್ಲ. ಆದರೆ ಕೆರೆಯನ್ನು ಹಸಿರು ಗಂಜಿ ಮಾಡುವ ರಂಜಕ, ಅಂದರೆ ಫಾಸ್ಫರಸ್, ಕೈಗವಸಿಗೆ ಸಿಗುವ ವಸ್ತುವಲ್ಲ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಕೆರೆಗಳ ಪೈಕಿ 226ನೆಯದನ್ನು 1973ರಲ್ಲಿ ಡೇವಿಡ್ ಶಿಂಡ್ಲರ್ ತಂಡ ನಡುವೆ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿತು. ಎರಡೂ ಕಡೆಗೆ ಸಾರಜನಕ ಮತ್ತು ಇಂಗಾಲ, ಒಂದು ಕಡೆಗೆ ಮಾತ್ರ ರಂಜಕ. ರಂಜಕ ಬಿದ್ದ ಕಡೆ ಹಸಿರಾಯಿತು, ಇನ್ನೊಂದು ಕಡೆ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಒಂದು ಚಿತ್ರ ತೋರಿಸಲು ಅರ್ಧ ನಿಮಿಷ ಸಾಕು. ಕಾರ್ಯಕ್ರಮ ಪಟ್ಟಿಯಲ್ಲಿ ಸ್ವಾಗತ ಭಾಷಣಕ್ಕೇ 20 ನಿಮಿಷ ಹೋಗಿರುವುದರಿಂದ ಆ ಅರ್ಧ ನಿಮಿಷ ಹೊಂದಿಸುವುದು ಕಷ್ಟ.

ಆ ರಂಜಕ ಬರುವುದಾದರೂ ಎಲ್ಲಿಂದ? ಮೂರರಲ್ಲೊಂದು ಭಾಗ ಗಸಿ ತುಂಬಿದರೂ ತೆಗೆಸದ ಸೆಪ್ಟಿಕ್ ಟ್ಯಾಂಕಿನಿಂದ. ಮಳೆಯ ಹಿಂದಿನ ದಿನ ಎರಚಿದ ಗೊಬ್ಬರದಿಂದ. ಕಟ್ಟಡ ಕಟ್ಟುವಾಗ ಹೊದಿಕೆಯಿಲ್ಲದೆ ಗುಡ್ಡೆ ಹಾಕಿದ ಮಣ್ಣಿನಿಂದ (ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡೂ ಪ್ರಯಾಣ ಮಾಡುತ್ತದೆ). ಮಳೆನೀರಿನ ಚರಂಡಿಗೆ ಗುಟ್ಟಾಗಿ ಸೇರಿಸಿದ ಶೌಚದ ಪೈಪಿನಿಂದ. ಇವೆಲ್ಲ ಕೆರೆಯಿಂದ ದೂರ, ಮೇಲ್ಗಡೆ. ಪಾಠ ಕೇಳಬೇಕಾದವರು ಇರುವುದೂ ಅಲ್ಲೇ. ಆದರೆ ಶಾಮಿಯಾನಕ್ಕೆ ಏರಿಯ ಮೇಲೆ ಜಾಗ ಚೆನ್ನಾಗಿದೆ, ಗಾಳಿಯೂ ಬರುತ್ತದೆ. ಹೀಗಾಗಿ ಎಲ್ಲ ಭಾಷಣಗಳನ್ನೂ ತಪ್ಪದೆ ಕೇಳಿಸಿಕೊಂಡಿರುವುದು ಕೆರೆಯೊಂದೇ.

ಬ್ಯಾನರಿನಲ್ಲಿ ‘ಜಲಾನಯನ ಪ್ರದೇಶ’, ಅಂದರೆ ಕೆರೆಗೆ ನೀರು ಹರಿದು ಬರುವ ನೆಲ, ಎಂಬ ಪದವೇನೋ ದಪ್ಪಕ್ಷರದಲ್ಲಿದೆ. ಅದರ ನಕ್ಷೆ ಕೇಳಬೇಡಿ. ಮಾಡುವುದು ಕಷ್ಟವೇನಲ್ಲ: ಸಮೋನ್ನತಿ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಹಾಳೆಯಲ್ಲಿ ಕೋಡಿಯ ಬಿಂದುವನ್ನು ಗುರುತಿಸಿ, ಅಲ್ಲಿಂದ ರೇಖೆಗಳನ್ನು ನೇರ ಅಡ್ಡಹಾಯುತ್ತ ದಿಣ್ಣೆಯ ನೆತ್ತಿಗೆ ಹತ್ತಿ, ನೆತ್ತಿ ಹಿಡಿದು ಕೆರೆಯನ್ನು ಸುತ್ತಿ, ಇನ್ನೊಂದು ಕಡೆಯಿಂದ ಅದೇ ಬಿಂದುವಿಗೆ ಇಳಿಯಬೇಕು. ಒಳಗೆ ಬಿದ್ದ ಮನೆಗಳೆಲ್ಲ ಕೆರೆಯ ಮನೆಗಳೇ. ಎಡವುವುದು ಒಂದೇ ಕಡೆ. ಚರಂಡಿ ತೋಡಿದವರು ನೆಲದ ಇಳಿಜಾರಿನ ಮಾತು ಕೇಳಿರುವುದಿಲ್ಲ. ದಿಣ್ಣೆಯಾಚೆಯ ಬೀದಿಯ ನೀರನ್ನೂ ಈಚೆ ತಿರುಗಿಸಿರುತ್ತಾರೆ. ಆದ್ದರಿಂದ ನಕ್ಷೆ ಹಿಡಿದು ಮಳೆಯಲ್ಲೇ ನಡೆಯಬೇಕು. ಒಣದಿನಗಳ ನಂತರದ ಮಳೆಯ ಮೊದಲ ಅರ್ಧ ಗಂಟೆ ಅತ್ಯಂತ ಕೊಳಕು ನೀರನ್ನು ಹೊತ್ತು ತರುತ್ತದೆ. ಬಾಟಲಿ ತುಂಬಬೇಕಾದ್ದು ಆಗಲೇ. ಮಳೆ ಬಿಟ್ಟು ಮೂರು ದಿನವಾದರೂ ಮೋರಿಯಲ್ಲಿ ನೀರು ಹರಿಯುತ್ತಿದ್ದರೆ ಅದರ ಜಾಡು ಹಿಡಿದು ಮೇಲಕ್ಕೆ ಹೋಗಬೇಕು. ಅದು ಬಹುಮಟ್ಟಿಗೆ ಯಾರದೋ ಮನೆಗೆ ತಲುಪಿಸುತ್ತದೆ. ಕೆಲವೊಮ್ಮೆ ವೇದಿಕೆಯ ಮೇಲೆ ಕೂತವರ ಮನೆಗೇ. ಇದನ್ನೆಲ್ಲ ಯೋಚಿಸಿಯೇ ಇರಬೇಕು, ಮಳೆ ಬಂದರೆ ಕಾರ್ಯಕ್ರಮ ಮುಂದೂಡುವ ಪದ್ಧತಿ ಬಂದಿದ್ದು.

ಗಿಡ ನೆಡುವುದಂತೂ ತಪ್ಪುವುದಿಲ್ಲ, ಅದೂ ಏರಿಯ ಮೇಲೆಯೇ. ಮಣ್ಣಿನ ಏರಿಯೊಳಗೆ ಮರದ ಬೇರು ಇಳಿದು, ಮರ ಸತ್ತ ಮೇಲೆ ಕೊಳೆತರೆ ಅಲ್ಲೊಂದು ಕೊಳವೆ ತಯಾರಾಗುತ್ತದೆ. ನೀರು ಜಿನುಗಿ ಏರಿ ಒಡೆಯುವುದಕ್ಕೆ ಅಷ್ಟು ದಾರಿ ಸಾಕು. ಏರಿಗೆ ಬೇಕಾದ್ದು ಗಿಡ್ಡ ಹುಲ್ಲು. ಗಿಡ, ಪೊದೆ ಬೇಕಾದ್ದು ಕೆರೆಗೆ ನೀರು ತರುವ ಕಾಲುವೆಗಳ ಬದಿಯಲ್ಲಿ: ಎರಡೂ ಕಡೆ 10 ಮೀಟರಿನಷ್ಟು ಬಿಟ್ಟರೆ ಹರಿದು ಬರುವ ಮಣ್ಣಿನ ಬಹುಪಾಲು ಅಲ್ಲೇ ಕೂರುತ್ತದೆ, ನೀರು ಹರಡಿಕೊಂಡು ಬಂದರೆ ಮಾತ್ರ. ಒಂದೇ ಕಡೆ ಕೊರಕಲು ಬಿದ್ದರೆ ಪಟ್ಟಿ ಎಷ್ಟು ಅಗಲವಿದ್ದರೂ ಪ್ರಯೋಜನವಿಲ್ಲ. ಆ ಕಾಲುವೆಯ ಬದಿ ಮುಖ್ಯ ಅತಿಥಿಗಳ ಕಾರು ಹೋಗುವುದಿಲ್ಲ ಎಂಬುದೊಂದು ತಾಂತ್ರಿಕ ಅಡಚಣೆ.

ಈಚೆಗೆ ಸೂಕ್ಷ್ಮಜೀವಿಗಳ ಉಂಡೆ ಎಸೆಯುವ ಕಾರ್ಯಕ್ರಮ ಜನಪ್ರಿಯ. ಮಣ್ಣು, ತೌಡು, ಬೆಲ್ಲದ ಪಾಕ ಕಲಸಿ ಹುದುಗಿಸಿದ ಉಂಡೆಗಳನ್ನು ಎಲ್ಲರೂ ಒಟ್ಟಿಗೆ ಕೆರೆಗೆ ಎಸೆಯುತ್ತಾರೆ. ಕೆರೆ ತಾನೇ ಶುದ್ಧವಾಗುತ್ತದಂತೆ. ಹೂಳು ಹೆಚ್ಚಾಗಿರುವ ಕೆರೆಗೆ ಮಣ್ಣನ್ನೂ, ಆಮ್ಲಜನಕವಿಲ್ಲದ ಕೆರೆಗೆ ಕೊಳೆಯುವ ತಿಂಡಿಯನ್ನೂ ಇಷ್ಟು ಸಂಭ್ರಮದಿಂದ ಸೇರಿಸುವ ಇನ್ನೊಂದು ವಿಧಾನ ಕಂಡುಹಿಡಿಯಬೇಕಷ್ಟೇ. ಅಂತರಗಂಗೆ ಕೀಳುವವರ ಉತ್ಸಾಹವೂ ಕಡಿಮೆಯಿಲ್ಲ. ಕಿತ್ತು ನೀರಿನಂಚಿಗೇ ರಾಶಿ ಹಾಕುತ್ತಾರೆ. ಅದು ಕೊಳೆತು, ಹೀರಿಕೊಂಡದ್ದನ್ನೆಲ್ಲ ಮುಂದಿನ ಮಳೆಗೆ ಕೆರೆಗೇ ಹಿಂತಿರುಗಿಸುತ್ತದೆ. ಕೆರೆ ತುಂಬಿದಾಗ ನೀರು ತಲುಪುವ ಗೆರೆಯಿಂದಾಚೆ ಹಾಕಿಸಲು ಇನ್ನೊಂದು ಗಾಡಿ ಬಾಡಿಗೆ ಬೇಕು, ಅದಕ್ಕೆ ಪ್ರಾಯೋಜಕರಿಲ್ಲ.

ನೆನಪಿನ ಕಾಣಿಕೆಯಾಗಿ, ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಸೆಕ್ಕಿ ತಟ್ಟೆ ಕೊಡಬಹುದಿತ್ತು. 20 ಸೆಂಟಿಮೀಟರ್ ಅಗಲ, ಕಪ್ಪು ಬಿಳಿ ಕಾಲುಭಾಗಗಳು, ಅಳತೆ ಗುರುತಿಸಿದ ಹಗ್ಗ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಪರೀಕ್ಷಿಸಿದ ಉಪಾಯ. ದೋಣಿಯ ನೆರಳಿನ ಬದಿಯಲ್ಲಿ, ಕಪ್ಪು ಕನ್ನಡಕ ತೆಗೆದು, ತಟ್ಟೆ ಇಳಿಸಿ ಮರೆಯಾಗುವ ಆಳವನ್ನೂ ಮೇಲೆತ್ತುವಾಗ ಮತ್ತೆ ಕಾಣುವ ಆಳವನ್ನೂ ಬರೆದು ಸರಾಸರಿ ತೆಗೆದರಾಯಿತು. ಎರಡು ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಳೆದರೆ ವರ್ಷದ ಕೊನೆಗೆ ಕೆರೆ ಸುಧಾರಿಸಿತೋ ಇಲ್ಲವೋ ಗೊತ್ತಾಗುತ್ತದೆ. ಬಹುಶಃ ಅದೇ ತೊಂದರೆ. ಬದಲಿಗೆ ಅಭಿಪ್ರಾಯ ಪತ್ರ ಹಂಚುತ್ತಾರೆ: ‘ಕಾರ್ಯಕ್ರಮ ಇಷ್ಟವಾಯಿತೇ?’

ನಸುಕಿನ ಕೆರೆಯನ್ನು ದಿನಾ ನೋಡುವವರು ಬಲೆ ಬೀಸುವವರು. ಯಾವ ಮೋರಿ ತೆರೆದ ಮಾರನೆಯ ದಿನ ಮೀನು ತೇಲುತ್ತದೆ, ಯಾವ ಮೂಲೆಯ ನೀರು ವಾಸನೆ ಹೊಡೆಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. 11ಕ್ಕೆ ಅವರೂ ದಡದಲ್ಲೇ ಇರುತ್ತಾರೆ. ಮೈಕ್ ಪರೀಕ್ಷಿಸುತ್ತಿದ್ದವರು ಅವರನ್ನು ಉದ್ದೇಶಿಸಿ ಆಡುವ ಮಾತು ಒಂದೇ: ದೋಣಿ ಸ್ವಲ್ಪ ಆಚೆ ಎಳಕೊಳ್ಳಿ, ಬ್ಯಾನರ್‌ಗೆ ಅಡ್ಡ ಬರ್ತಿದೆ.