ಅಂಗಿ ಉಳಿಯಿತು

ಚಾಕೊಲೇಟನ್ನು ಜೇಬಿಗೆ ಹಾಕಿಕೊಂಡು ಮರೆತರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೊನ್ನೆ ನನಗೆ ಅದು ಆಗಲಿಲ್ಲ. ಯಾರೋ ಮಗಳಿಗೆ ಕೊಡಿ ಅಂತ ಒಂದು ಸಣ್ಣ ಬಾರ್ ಕೈಗಿಟ್ಟರು. ಅಂಗಿಯ ಎಡಜೇಬಿಗೆ ಇಳಿಸಿದೆ, ಮರೆತೆ. ಮಟಮಟ ಮಧ್ಯಾಹ್ನ ಮುಕ್ಕಾಲು ಗಂಟೆ ನಡೆದೆ. ಮನೆ ಬಾಗಿಲಲ್ಲಿ ನೆನಪಾಯಿತು. ಎದೆ ಧಸಕ್ಕೆಂದಿತು. ಬಿಳಿ ಅಂಗಿ ಬೇರೆ. ಹೆದರುತ್ತಲೇ ಎರಡು ಬೆರಳು ಜೇಬಿಗೆ ಬಿಟ್ಟರೆ, ಬಾರ್ ಒಂದು ಮೂಲೆಯೂ ಮೆತ್ತಗಾಗದೆ ಇಸ್ತ್ರಿ ಮಾಡಿಟ್ಟ ಹಾಗೆ ನಿಂತಿತ್ತು.

ಬೇರೆಯವರಾಗಿದ್ದರೆ ದೇವರು ದೊಡ್ಡವನು ಅನ್ನುತ್ತಿದ್ದರು. ನನಗೆ ಅವಮಾನವಾಯಿತು. ಇಷ್ಟು ಹೊತ್ತು ಎದೆಗೆ ಅಪ್ಪಿಕೊಂಡಿದ್ದರೂ ಕರಗಲಿಲ್ಲ ಅಂದರೆ ಏನರ್ಥ?

ಒಂದು ತುಂಡು ಮುರಿದು ನಾಲಿಗೆ ಮೇಲಿಟ್ಟೆ. ಕಾದೆ. ಅದೂ ಕಾಯಿತು. ಕೊನೆಗೆ ಹಲ್ಲನ್ನೇ ಕರೆಯಬೇಕಾಯಿತು. ಸಿಹಿ ಮೊದಲು ಓಡಿಹೋಯಿತು. ಜಿಡ್ಡು ಮಾತ್ರ ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಂಡು, ಮನೆ ಖಾಲಿ ಮಾಡದ ಬಾಡಿಗೆದಾರನಂತೆ ಕೂತುಬಿಟ್ಟಿತು.

ಹೊದಿಕೆ ತಿರುಗಿಸಿದೆ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮೊಬೈಲಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ನೋಡಿದರೆ, ಹೈಡ್ರೋಜನೀಕರಿಸಿದ ವೆಜಿಟೇಬಲ್ ಫ್ಯಾಟ್ ಎಂದಿತ್ತು. ಅಂದರೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಕೊಬ್ಬು. ಕೋಕೋ ಬೀಜದಿಂದಲೇ ತೆಗೆಯುವ ಕೊಬ್ಬು, ಅಂದರೆ ಕೋಕೋ ಬೆಣ್ಣೆಯ ಹೆಸರೇ ಇಲ್ಲ. ಮತ್ತೆ ಮುಂದೆ ತಿರುಗಿಸಿದೆ. ಆಗ ಕಣ್ಣಿಗೆ ಬಿತ್ತು: ಅಲ್ಲಿ ಚಾಕೊಲೇಟ್ ಅಂತ ಬರೆದೇ ಇರಲಿಲ್ಲ. ಚಾಕೊಲೇಟಿ ಅಂತ ಇತ್ತು. ಒಂದು ಗುಡಿಸಿನ ವ್ಯತ್ಯಾಸ. ಆ ಗುಡಿಸಿನೊಳಗೆ ಇಡೀ ಕೋಕೋ ಬೆಣ್ಣೆ ಕಾಣೆಯಾಗಿತ್ತು.

"ವೆಜಿಟೇಬಲ್ ಅಂದ್ರೆ ಯಾವ ತರಕಾರಿ ಅಪ್ಪಾ? ಬೀನ್ಸಾ?" ಅಂದಳು ಮಗಳು.

ಅವಳ ಪ್ರಶ್ನೆ ಹಗುರದ್ದಲ್ಲ. ಇಂಥದ್ದಕ್ಕೆ ಸಾಮಾನ್ಯವಾಗಿ ಹಾಕುವುದು ತಾಳೆಬೀಜದ ಎಣ್ಣೆ. ತಾಳೆಬೀಜ ಯಾವ ಲೆಕ್ಕದಲ್ಲಿ ತರಕಾರಿ? ಆದರೂ 'ಕೊಬ್ಬು' ಅಂತ ಬರಿದೇ ಬರೆದರೆ ಯಾರೂ ಮುಟ್ಟುವುದಿಲ್ಲ. ಹಿಂದೆ ವೆಜಿಟೇಬಲ್ ಅಂತ ಸೇರಿಸಿದರೆ ಹೊಲದಿಂದ ಈಗ ತಾನೇ ಕಿತ್ತು ತಂದ ಹಾಗೆ ಕೇಳಿಸುತ್ತದೆ, ಅಲ್ವಾ?

ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಮೈ ಬಿಸಿ 37. ಈ ಮೂರು ಡಿಗ್ರಿ ಅಂತರದಲ್ಲೇ ಚಾಕೊಲೇಟಿನ ಸುಖವೆಲ್ಲ ಇರುವುದು. ಕೈಯಲ್ಲಿ ಮುರಿದರೆ ಟಕ್ ಅನ್ನಬೇಕು, ಬಾಯಲ್ಲಿ ಇಲ್ಲವಾಗಬೇಕು. ಅದಕ್ಕೂ ಹಟ ಜಾಸ್ತಿ. ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಬಲ್ಲದು, ಅದರಲ್ಲಿ ಐದನೆಯದೇ ಬೇಕು. ಹದ ತಪ್ಪಿದರೆ ಮುಖಕ್ಕೆ ಬೂದಿ ಬಳಿದುಕೊಂಡು ಕೂರುತ್ತದೆ. ಇದರ ಮರ್ಜಿ ಕಾಯುವುದಕ್ಕಿಂತ ಅಗ್ಗದ ತಾಳೆಬೀಜದ ಎಣ್ಣೆ ವಾಸಿ ಅಂತ ತಯಾರಿಸುವವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅದು ಹೇಳಿದ ಮಾತು ಕೇಳುತ್ತದೆ.

ಇಲ್ಲಿಗೆ ನಿಲ್ಲಿಸಿ, ಇದರಿಂದ ನಾನು ಕಲಿತ ದೊಡ್ಡ ವಿಷಯ ಹೇಳಬೇಕು ಅಂತಿದ್ದೆ. ಆದರೆ ಯುರೋಪಿನವರ ಜಗಳ ನೆನಪಾಯಿತು. ಅದನ್ನು ಹೇಳದೆ ಮುಂದೆ ಹೋಗಲಾರೆ.

1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಮೂರೂ ಯುರೋಪಿನ ಕೂಟಕ್ಕೆ ಸೇರಿದವು. ಸೊಸೆ ತವರಿನ ಸಾರಿನ ಪುಡಿ ತಂದ ಹಾಗೆ ತಮ್ಮ ಚಾಕೊಲೇಟಿನ ರೂಢಿಯನ್ನೂ ತಂದವು. ಅವರದರಲ್ಲಿ ಕೋಕೋ ಬೆಣ್ಣೆಯ ಜೊತೆ ಬೇರೆ ಸಸ್ಯದ ಕೊಬ್ಬೂ ಸ್ವಲ್ಪ ಇರುತ್ತಿತ್ತು. ಹೆಚ್ಚೆಂದರೆ ನೂರಕ್ಕೆ ಐದು ಪಾಲು. ಫ್ರಾನ್ಸ್, ಬೆಲ್ಜಿಯಂನವರು ಮೂಗು ಮುರಿದರು. ಇದನ್ನು ಚಾಕೊಲೇಟ್ ಅನ್ನುವುದಾ, ನಮ್ಮ ಮರ್ಯಾದೆ ಏನಾಗಬೇಕು ಅಂತ. ಬ್ರಿಟನ್ನಿನವರು, ನಮ್ಮ ಮಕ್ಕಳು ಇದನ್ನೇ ತಿಂದು ಬೆಳೆದದ್ದು ಅಂದರು. ಒಂದು ಹಂತದಲ್ಲಿ ಆ ಬಡಪಾಯಿ ತಿಂಡಿಗೆ 'ವೆಜಿಲೇಟ್' ಅಂತ ಹೆಸರಿಡುವ ಸಲಹೆಯೂ ಬಂತು. ಸ್ವಲ್ಪ ಯೋಚಿಸಿ. ಹುಟ್ಟುಹಬ್ಬದ ದಿನ ಮಗುವಿನ ಕೈಗೆ ವೆಜಿಲೇಟ್ ಕೊಡುವುದು. ಪ್ರೀತಿಸಿದವಳಿಗೆ ಕೆಂಪು ರಿಬ್ಬನ್ ಕಟ್ಟಿ ವೆಜಿಲೇಟ್ ಕೊಡುವುದು. ಆ ಮದುವೆ ಆಗುತ್ತಿತ್ತಾ?

ಕೊನೆಗೆ 2000ದಲ್ಲಿ ಎಲ್ಲರಿಗೂ ಒಂದೇ ಕಾನೂನಾಯಿತು. ಐದು ಪಾಲಿನವರೆಗೆ ಹಾಕಬಹುದು, ಆದರೆ ಆರೇ ಆರು ಕೊಬ್ಬು. ಬೋರ್ನಿಯೊ ಕಡೆಯ ಇಲಿಪೆ, ತಾಳೆ (ಬೀಜದ್ದಲ್ಲ, ಹಣ್ಣಿನ ತಿರುಳಿನದು), ಸಾಲ್, ಆಫ್ರಿಕಾದ ಶಿಯಾ, ಮುರುಗಲು, ಮಾವಿನ ವಾಟೆ. ಹಾಕಿದ್ದರೆ ಹಾಗಂತ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕು. ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವುದನ್ನೂ ಬಿಡಲಿಲ್ಲ. ಐಸ್‌ಕ್ರೀಮಿಗೆ ಹಚ್ಚುವ ಚಾಕೊಲೇಟಿಗೆ ಮಾತ್ರ ತೆಂಗಿನೆಣ್ಣೆಗೂ ರಿಯಾಯಿತಿ.

ಮುಗಿಯಿತು ಅಂದುಕೊಂಡಿರಾ? ಇಟಲಿ, ಸ್ಪೇನ್ ಎರಡೂ ಸುಮ್ನಿರಲಿಲ್ಲ. ಅಂಥದ್ದನ್ನು ನಮ್ಮಲ್ಲಿ ಮಾರುವುದಾದರೆ 'ಚಾಕೊಲೇಟಿನ ಬದಲಿ' ಅಂತಲೇ ಮಾರಿ ಎಂದು ಪಟ್ಟು ಹಿಡಿದಿದ್ದವು. 2003ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯ ಅದು ತಪ್ಪು ಅಂದಿತು. ಒಟ್ಟು 30 ವರ್ಷ. ಒಂದು ಮಗು ಹುಟ್ಟಿ, ಬೆಳೆದು, ಮದುವೆಯಾಗಿ, ತನ್ನ ಮಗುವಿಗೆ ಚಾಕೊಲೇಟ್ ಕೊಡಿಸುವಷ್ಟು ಕಾಲ.

ನನಗೆ ನಗು ಬರುವುದು ಇಲ್ಲಿ. ಆ ಆರನ್ನು ಆರಿಸಿದ್ದೇ ಕೋಕೋ ಬೆಣ್ಣೆಯ ಜೊತೆ ಜಗಳವಾಡದೆ ಬೆರೆತು, ಹೆಚ್ಚುಕಮ್ಮಿ ಅದರಂತೆಯೇ ಕರಗುತ್ತವೆ ಅಂತ. ಐದು ಪಾಲು ಬೆರೆಸಿದರೆ ನಾಲಿಗೆಗೆ ಗೊತ್ತಾಗುವುದು ಕಷ್ಟ. ಪ್ರಯೋಗಾಲಯದವರೂ ಬೆವರು ಹರಿಸಬೇಕು. ಅಷ್ಟಕ್ಕೆ 30 ವರ್ಷ ಗುದ್ದಾಡಿದರು. ನನ್ನ ಜೇಬಿನಲ್ಲಿ ನಿಂತಿತ್ತಲ್ಲ, ಅದು ಈ ಜಾತಿಯೇ ಅಲ್ಲ. ಅದರಲ್ಲಿ ಬೆಣ್ಣೆಯನ್ನು ಹೆಚ್ಚುಕಮ್ಮಿ ಪೂರ್ತಿ ತೆಗೆದು ಕೋಕೋ ಪುಡಿಗೆ ಬೇರೆ ಕೊಬ್ಬು ಕಲಸಿರುತ್ತಾರೆ. ಬೇಕರಿಯವರು ಕಾಂಪೌಂಡ್ ಅನ್ನುತ್ತಾರೆ. ಅದರ ಮೇಲೆ ಯಾರೂ ಯುದ್ಧ ಸಾರಲಿಲ್ಲ. ಗುಡಿಸು ಹಾಕಿಕೊಂಡು ಅದು ಆರಾಮಾಗಿ ಓಡಾಡಿಕೊಂಡಿದೆ.

ಅಷ್ಟರಲ್ಲಿ ಅಕ್ಕನ ಮಗ ಒಂದು ವೀಡಿಯೋ ಕಳಿಸಿದ. ಯಾರೋ ಚಾಕೊಲೇಟಿಗೆ ಲೈಟರ್ ಹಿಡಿದು, ಉರಿಯಿತು ನೋಡಿ, ಇದರಲ್ಲಿ ಮೇಣ ಇದೆ, ವಿಷ ಅಂತ ಕೂಗುತ್ತಿದ್ದಾನೆ. "ಮಾಮಾ, ಇನ್ಮೇಲೆ ತಿನ್ಬೇಡಿ" ಅಂತ ಕೆಳಗೆ ಬರೆದಿದ್ದ. ನನಗೆ ಬಾರಿಗಿಂತ ಆ ಲೈಟರಿನವನ ಮೇಲೇ ಸಿಟ್ಟು ಬಂತು. ಕೊಬ್ಬು, ಸಕ್ಕರೆ ಇದ್ದದ್ದು ಉರಿಯದೆ ಏನು ಮಾಡೀತು? ಅಪ್ಪಟ ಕೋಕೋ ಬೆಣ್ಣೆಗೂ ಬೆಂಕಿ ಹಿಡಿ, ಅದೂ ಉರಿಯುತ್ತದೆ. ಇವನಿಗೆ ಲೈಟರ್ ಕೊಟ್ಟವರು ಯಾರು?

ವಿಷವಲ್ಲ. ಹೆದರಬೇಕಾಗಿದ್ದು ಅರೆಬರೆ ಹೈಡ್ರೋಜನ್ ಸೇರಿಸಿದ ಎಣ್ಣೆಗೆ, ಅದರಲ್ಲಿನ ಟ್ರಾನ್ಸ್ ಕೊಬ್ಬಿಗೆ. ಹೃದಯಕ್ಕೆ ಅದು ಕೆಟ್ಟದ್ದು ಅನ್ನುವುದರಲ್ಲಿ ಅನುಮಾನವಿಲ್ಲ. 2023ರೊಳಗೆ ಅದನ್ನು ಆಹಾರದಿಂದ ತೆಗೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ದೇಶಗಳಿಗೆ ಹೇಳಿತ್ತು. ಪೂರ್ತಿ ಹೈಡ್ರೋಜನ್ ಸೇರಿಸಿದರೆ ಆ ಕಾಟ ಹೆಚ್ಚುಕಮ್ಮಿ ಇಲ್ಲ. ನನ್ನ ಬಾರಿನದು ಅರೆಯೋ ಪೂರ್ತಿಯೋ ಅಂತ ಹೊದಿಕೆ ಬಾಯಿಬಿಡಲಿಲ್ಲ. ಇನ್ನು ತಾಳೆ ಎಣ್ಣೆಯನ್ನು 200 ಡಿಗ್ರಿಗಿಂತ ಮೇಲೆ ಕಾಯಿಸಿ ಶುದ್ಧ ಮಾಡುವಾಗ ಬೇಡದ ಕೆಲವು ವಸ್ತು ಹುಟ್ಟುತ್ತವೆ ಅಂತ 2016ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತ್ತು. ಹಾಗಂತ ಕೋಕೋ ಬೆಣ್ಣೆ ತುಳಸಿ ತೀರ್ಥವೇನಲ್ಲ. ಅದರಲ್ಲೂ ನೂರಕ್ಕೆ ಅರವತ್ತರಷ್ಟು ಸ್ಯಾಚುರೇಟೆಡ್ ಕೊಬ್ಬೇ, ಅತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ್ದು. ತಾಳೆಬೀಜದ ಎಣ್ಣೆಯಲ್ಲಿ ಎಂಬತ್ತು. ಅಪರೂಪಕ್ಕೆ ಒಂದು ತುಂಡು ತಿನ್ನುವವನಿಗೆ ಇದು ದೊಡ್ಡ ಲೆಕ್ಕವಲ್ಲ. ನನ್ನ ತಕರಾರು ನಾಲಿಗೆಯದ್ದು.

ಅದನ್ನು ರುಜುವಾತು ಮಾಡಲು ಮರುದಿನ ಕೋಕೋ ಬೆಣ್ಣೆ ಮಾತ್ರ ಇರುವ ಮಿಲ್ಕ್ ಚಾಕೊಲೇಟ್ ತಂದೆ. ಅದೇ ಅಂಗಿ, ಅದೇ ಜೇಬು, ಅದೇ ಮುಕ್ಕಾಲು ಗಂಟೆ. ಅರ್ಧ ದಾರಿಯಲ್ಲೇ ಎದೆ ಹತ್ತಿರ ಏನೋ ಮೆತ್ತಗಾಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಜೇಬಿನಿಂದ ತೆಗೆಯಲೇ ಇಲ್ಲ.

ಹೆಂಡತಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಗೈಯಗಲದ ಕಲೆ, ಸುತ್ತ ಜಿಡ್ಡಿನ ವೃತ್ತ. ಸೋಪು ಹಚ್ಚಿ ಉಜ್ಜಿದಳು. ಮತ್ತೆ ಉಜ್ಜಿದಳು.

"ಇದೇನಾ ಒಳ್ಳೇದು?" ಅಂದಳು.

"ಇದೇ" ಅಂದೆ. ಹೊದಿಕೆಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾ ಹಿಂದಿನ ಸಣ್ಣ ಅಕ್ಷರ ಓದುತ್ತಿದ್ದೆ. ಬರೀ ಕೊಬ್ಬು ಯಾವುದು ಅಂತ ಹುಡುಕುತ್ತಿದ್ದವನು ಪಟ್ಟಿಯನ್ನು ಮೊದಲಿಂದ ಓದಿದ್ದು ಆಗಲೇ. ಎಲ್ಲಕ್ಕಿಂತ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ. ಮೊದಲು ಇದ್ದದ್ದು ಸಕ್ಕರೆ. ಕಸದ ಬುಟ್ಟಿಯಿಂದ ನಿನ್ನೆಯ ಚಾಕೊಲೇಟಿಯ ಹೊದಿಕೆ ಎತ್ತಿ ನೋಡಿದೆ. ಅದರಲ್ಲೂ ಮೊದಲು ಸಕ್ಕರೆ.

ಅವಳಿಗೆ ಹೇಳಲಿಲ್ಲ. ಅಂಗಿ ಇನ್ನೂ ಬಕೆಟ್ಟಿನಲ್ಲೇ ಇತ್ತು.